ಗ್ಯಾಲ್ವೆಸ್ಟನ್‌ನಲ್ಲಿ ಎರಡು ದಿನ: ಉಸುಕಿನ ದ್ವೀಪದ ಮೇಲಿನ ಊರನ್ನು ಹೇಗೆ ನೋಡಬೇಕು?

ಕೆಲಗೇರಿ ಮಾಸ್ತರ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಭೂಗೋಲ ಮತ್ತು ಇತಿಹಾಸ ಕಲಿಸಿ ನಿವೃತ್ತನಾಗಿದ್ದೇನೆ. ಮಗ ಮತ್ತು ಸೊಸೆ ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿದ್ದಾರೆ. ಬರುವ ಮಾರ್ಚ್ ಕೊನೆಗೆ ನಾನೂ ನಮ್ಮ ಮನೆಯವರೂ ಅಲ್ಲಿಗೆ ಹೋಗಿ ಜುಲೈ ಅಂತ್ಯದವರೆಗೆ ಇರಲಿದ್ದೇವೆ. ಅಲ್ಲಿಂದ ಸುಮಾರು 80 ಕಿಲೋಮೀಟರ್ ದೂರದ ಗ್ಯಾಲ್ವೆಸ್ಟನ್ ಎಂಬ ಕಡಲೂರಿನಲ್ಲಿ ಎರಡು ದಿನ ಉಳಿಯಬೇಕೆಂದು ಮನಸ್ಸು ಮಾಡಿದ್ದೇನೆ.

ಇದಕ್ಕೊಂದು ಹಳೆಯ ಕಾರಣವಿದೆ. ಕರಾವಳಿಯ ಪಾಠ ಬಂದಾಗಲೆಲ್ಲ ನಾನು ಕರಿಹಲಗೆಯ ಮೇಲೆ ದಡದ ಗೆರೆ ಎಳೆದು, ಅದರ ಹೊರಗೆ ಸಮುದ್ರದಲ್ಲಿ ಇನ್ನೊಂದು ತೆಳುವಾದ ಗೆರೆ ಎಳೆದು, ನಡುವಿನ ನೀರಿಗೆ ಲಗೂನು ಎಂದೂ ಹೊರಗಿನ ಗೆರೆಗೆ ತಡೆದ್ವೀಪ ಎಂದೂ ಬರೆಯುತ್ತಿದ್ದೆ. ನವಲಗುಂದದ ಕಡೆಯ ಒಬ್ಬ ಹುಡುಗ ಒಮ್ಮೆ ಎದ್ದು ನಿಂತು, "ಸರ್, ಆ ಉಸುಕಿನ ಮ್ಯಾಲೆ ಊರು ಕಟ್ಟಿದ್ರ ನಿಲ್ಲತೈತೇನ್ರಿ?" ಎಂದು ಕೇಳಿದ. ನಿಲ್ಲುತ್ತದೆ ಎಂದು ಹೇಳಿದೆ. ಆದರೆ ಎರೆಭೂಮಿಯಲ್ಲಿ ಹುಟ್ಟಿ ಬೆಳೆದ ನಾನು ಅಂಥ ಊರನ್ನು ಕಣ್ಣಾರೆ ಕಂಡಿರಲಿಲ್ಲ. ಮುಂದೆ ರಾಮೇಶ್ವರದ ಯಾತ್ರೆಗೆ ಹೋದಾಗ ಧನುಷ್ಕೋಡಿ ನೋಡಿದೆ. 1964ರ ಡಿಸೆಂಬರ್ ತಿಂಗಳ ಚಂಡಮಾರುತದ ನಂತರ ಆ ಊರು ವಾಸಕ್ಕೆ ಯೋಗ್ಯವಲ್ಲವೆಂದು ಸರಕಾರವೇ ಸಾರಿತು. ಉಸುಕಿನಲ್ಲಿ ಉಳಿದಿರುವ ಚರ್ಚಿನ ಗೋಡೆಯನ್ನು ಕಂಡಾಗ ಆ ಹುಡುಗನಿಗೆ ನಾನು ಕೊಟ್ಟ ಉತ್ತರ ತಪ್ಪೆನಿಸಿತು. ಗ್ಯಾಲ್ವೆಸ್ಟನ್ ಮಾತ್ರ 1900ರಲ್ಲಿ ಅದಕ್ಕಿಂತ ಘೋರವಾದ ಬಿರುಗಾಳಿಗೆ ಸಿಕ್ಕಿಯೂ ಅದೇ ಜಾಗದಲ್ಲಿ ಉಳಿದಿದೆ ಎಂದು ಓದಿದ್ದೇನೆ. ಹೇಗೆ ಉಳಿಯಿತೆಂಬುದನ್ನು ಅಲ್ಲಿಯ ನೆಲದ ಮೇಲೆ ನಿಂತು ನೋಡುವ ಆಸೆ.

ಯಾವ ತಿಂಗಳು ಹೋಗುವುದು ಒಳ್ಳೆಯದು, ಬಿರುಗಾಳಿಯ ಕಾಲ ಯಾವುದು, ಬಿರುಗಾಳಿಯ ನಂತರ ಊರಿನ ನೆಲವನ್ನೇ ಎತ್ತರಿಸಿದರಂತೆ, ಅದರ ಗುರುತು ಎಲ್ಲಿ ಕಾಣುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕು. ನಮ್ಮ ಮನೆಯವರಿಗೆ ಎರಡೂ ಮೊಣಕಾಲು ನೋವು. ಹತ್ತು ನಿಮಿಷಕ್ಕಿಂತ ಹೆಚ್ಚು ನಡೆದರೆ ಕೂಡಬೇಕಾಗುತ್ತದೆ. ಅವರಿಗೆ ಇತಿಹಾಸಕ್ಕಿಂತ ಕಡಲ ಮೇಲೆ ಆಸಕ್ತಿ. ಇಬ್ಬರೂ ಶಾಕಾಹಾರಿಗಳು.

ಉಣಕಲ್ ದಂಡೆ, ಹುಬ್ಬಳ್ಳಿ

ಮಾಸ್ತರರಿಗೆ ನಮಸ್ಕಾರಗಳು. ನಾನು ಹ್ಯೂಸ್ಟನ್ನಿನ ದಕ್ಷಿಣಕ್ಕೆ ಕ್ಲಿಯರ್ ಲೇಕ್ ಎಂಬಲ್ಲಿ ಆರು ವರ್ಷ ನೌಕರಿ ಮಾಡಿ ಊರಿಗೆ ಮರಳಿದವನು. ಬಂದ ಬೀಗರು, ನೆಂಟರನ್ನೆಲ್ಲ ಗ್ಯಾಲ್ವೆಸ್ಟನ್ನಿಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸವಾಗಿತ್ತು.

ತಾವು ಏಪ್ರಿಲ್ ತಿಂಗಳಲ್ಲಿ, ಶನಿವಾರ ಮತ್ತು ರವಿವಾರ ಬಿಟ್ಟು ಉಳಿದ ದಿನಗಳಲ್ಲಿ ಹೋಗಿರಿ. ಮಾರ್ಚ್ ನಡುವಿನಲ್ಲಿ ಅಲ್ಲಿಯ ಕಾಲೇಜುಗಳಿಗೆ ರಜೆ ಇರುವುದರಿಂದ ದಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೇ ಕಳೆದ ಮೇಲೆ ಸೆಕೆ ಏರುತ್ತದೆ, ಅದು ನಮ್ಮ ಗದಗಿನ ಒಣ ಬಿಸಿಲಿನಂತಲ್ಲ, ಮೈಗೆ ಅಂಟಿಕೊಳ್ಳುವ ಸೆಕೆ. ಬಿರುಗಾಳಿಯ ಕಾಲವನ್ನು ಅಧಿಕೃತವಾಗಿ ಜೂನ್ 1ರಿಂದ ನವೆಂಬರ್ 30ರವರೆಗೆ ಎಣಿಸುತ್ತಾರೆ. ದೊಡ್ಡ ಬಿರುಗಾಳಿಗಳು ಹೆಚ್ಚಾಗಿ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಬರುತ್ತವೆ. ಬರುವ ಮುನ್ಸೂಚನೆ ಹಲವು ದಿನ ಮೊದಲೇ ಸಿಗುವುದರಿಂದ ಏಪ್ರಿಲ್‌ನಲ್ಲಿ ಹೋಗುವ ತಾವು ಆ ಚಿಂತೆ ಇಟ್ಟುಕೊಳ್ಳಬೇಕಾಗಿಲ್ಲ.

ಮಗನಿಗೆ ಹೇಳಿ ಕಾರಿನಲ್ಲಿ ಮುಂದೆ ಕುಳಿತುಕೊಳ್ಳಿರಿ. ಹ್ಯೂಸ್ಟನ್ನಿನಿಂದ ಹೊರಟ ಹೆದ್ದಾರಿ ಕೊನೆಗೆ ಒಂದು ಉದ್ದನೆಯ ಸೇತುವೆಯನ್ನು ಏರುತ್ತದೆ. ಆ ಸೇತುವೆಯ ನೆತ್ತಿಯಿಂದ ಎಡಕ್ಕೂ ಬಲಕ್ಕೂ ಹರಡಿರುವ, ತೆರೆಯಿಲ್ಲದ, ಮಬ್ಬು ಬಣ್ಣದ ನೀರೇ ತಾವು ಕರಿಹಲಗೆಯ ಮೇಲೆ ಬರೆಯುತ್ತಿದ್ದ ಲಗೂನು. ಅದರಾಚೆ ಬಾನಂಚಿಗೆ ಅಂಟಿದ ಹಸಿರು ಪಟ್ಟಿಯೇ ದ್ವೀಪ. ಉದ್ದ ಸುಮಾರು 43 ಕಿಲೋಮೀಟರ್ ಇದ್ದರೂ ಅಗಲ ಎಲ್ಲಿಯೂ ಐದು ಕಿಲೋಮೀಟರ್ ಮುಟ್ಟುವುದಿಲ್ಲ. ನಮ್ಮ ಕರಾವಳಿಯಲ್ಲಿ ಇದಕ್ಕೆ ಹತ್ತಿರದ ನೋಟ ಬೇಕೆಂದರೆ ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಗೆ ಹೋಗಬೇಕು. ಅಲ್ಲಿ ಒಂದು ಬದಿಗೆ ಸುವರ್ಣಾ ನದಿ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ, ನಡುವೆ ಒಂದೇ ರಸ್ತೆ ಮತ್ತು ಎರಡು ಸಾಲು ಮನೆಗಳು.

ದ್ವೀಪದ ಪಶ್ಚಿಮ ಭಾಗದಲ್ಲಿ ಗ್ಯಾಲ್ವೆಸ್ಟನ್ ಐಲ್ಯಾಂಡ್ ಸ್ಟೇಟ್ ಪಾರ್ಕ್ ಎಂಬ ರಕ್ಷಿತ ಜಾಗವಿದೆ. ಅದು ಸಮುದ್ರದ ದಡದಿಂದ ಹಿಂದಿನ ಖಾರಿಯವರೆಗೂ, ಅಂದರೆ ಆ ಲಗೂನಿನವರೆಗೂ, ಚಾಚಿಕೊಂಡಿದೆ. ಮುಂಜಾನೆ ಸಮುದ್ರದ ಬದಿಗೆ ನಿಂತು ತೆರೆ ನೋಡಿ, ಅರ್ಧ ತಾಸಿನೊಳಗೆ ಹಿಂಬದಿಗೆ ಹೋದರೆ ಜೌಗು ಹುಲ್ಲು, ಬಕಗಳು, ಗುಲಾಬಿ ಬಣ್ಣದ ಚಮಚಕೊಕ್ಕಿನ ಹಕ್ಕಿಗಳು ಸಿಗುತ್ತವೆ. ದ್ವೀಪದ ಮುಖ ಮತ್ತು ಬೆನ್ನು ಎರಡನ್ನೂ ಒಂದೇ ಹೊತ್ತಿನಲ್ಲಿ ನೋಡಲು ಇಷ್ಟು ಅನುಕೂಲದ ಇನ್ನೊಂದು ಜಾಗ ನನಗೆ ಗೊತ್ತಿಲ್ಲ. ದಾರಿಯಲ್ಲಿ, ಊರಿನ ರಕ್ಷಣೆಗೆ ಸಮುದ್ರದ ಬದಿಗೆ ಕಟ್ಟಿದ ತಡೆಗೋಡೆ ಮುಗಿದೊಡನೆ ಮನೆಗಳೆಲ್ಲ ಕಂಬಗಳ ಮೇಲೆ ಏರಿ ನಿಂತಿರುವುದನ್ನು ಗಮನಿಸಿರಿ. ಆ ಒಂದೇ ನೋಟ ಅರ್ಧ ಪಾಠ ಹೇಳುತ್ತದೆ.

ಕಡಲಿನ ಬಗ್ಗೆ ಒಂದು ಎಚ್ಚರಿಕೆ. ದಡಕ್ಕೆ ಲಂಬವಾಗಿ ಸಮುದ್ರದೊಳಗೆ ಹೋಗುವ ಕಲ್ಲಿನ ಕಟ್ಟೆಗಳಿವೆ. ಅವುಗಳ ಪಕ್ಕದಲ್ಲಿ ನೀರು ಒಳಕ್ಕೆ ಸೆಳೆಯುತ್ತದೆ. ಮೇಲಿನಿಂದ ಶಾಂತವಾಗಿ ಕಂಡರೂ ಅಲ್ಲಿ ಮೊಣಕಾಲುದ್ದದ ನೀರಿಗೂ ಇಳಿಯಬಾರದು. ಕಾವಲಿನವರು ಬಾವುಟ ಹಾರಿಸಿರುತ್ತಾರೆ: ಹಸಿರು ಎಂದರೆ ಶಾಂತ, ಹಳದಿ ಎಂದರೆ ಎಚ್ಚರ, ಕೆಂಪು ಎಂದರೆ ಅಪಾಯ. ನೇರಳೆ ಬಾವುಟ ಜತೆಗಿದ್ದರೆ ನೀರಿನಲ್ಲಿ ಕುಟುಕುವ ಲೋಳೆಮೀನುಗಳಿವೆ ಎಂದು ತಿಳಿಯಬೇಕು.

ವರದಾ ತೀರ, ಹಾವೇರಿ

ಮಾಸ್ತರರೇ, ನಾನು ನೀರಾವರಿ ಕಾಮಗಾರಿಗಳಲ್ಲಿ ಕೆಲಸ ಮಾಡಿದ ಸಿವಿಲ್ ಇಂಜಿನಿಯರ್. ಮಗಳ ಬಾಣಂತನಕ್ಕೆಂದು ಹ್ಯೂಸ್ಟನ್ನಿಗೆ ಹೋದಾಗ ಗ್ಯಾಲ್ವೆಸ್ಟನ್ನಿನಲ್ಲಿ ಮೂರು ದಿನ ಅಡ್ಡಾಡಿದೆ. ನೆಲ ಎತ್ತರಿಸಿದ ಗುರುತಿನ ಬಗ್ಗೆ ತಾವು ಕೇಳಿದ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ, ಏಕೆಂದರೆ ಗೊತ್ತಿಲ್ಲದೆ ಹೋದವರಿಗೆ ಅಲ್ಲಿ ಏನೂ ಕಾಣುವುದಿಲ್ಲ; ಸಮತಟ್ಟಾದ ಒಂದು ಸಾಧಾರಣ ಊರು ಕಾಣುತ್ತದೆ, ಅಷ್ಟೆ.

1900ರ ಸೆಪ್ಟೆಂಬರ್ 8ರಂದು ಬಿರುಗಾಳಿ ಬಂದಾಗ ಆ ಊರಿನ ಅತ್ಯಂತ ಎತ್ತರದ ಜಾಗ ಸಮುದ್ರಮಟ್ಟದಿಂದ ಒಂಬತ್ತು ಅಡಿಯೂ ಇರಲಿಲ್ಲ. ಉಕ್ಕಿ ಬಂದ ನೀರು ಹದಿನೈದು ಅಡಿ ದಾಟಿತು. ಆಗ ಊರಿನ ಜನಸಂಖ್ಯೆ ಸುಮಾರು 38,000. ಸತ್ತವರ ಲೆಕ್ಕ 6,000ದಿಂದ 12,000ದವರೆಗೆ ಹೇಳುತ್ತಾರೆ, ಸಾಮಾನ್ಯವಾಗಿ 8,000 ಎಂದು ಬರೆಯುತ್ತಾರೆ. ಅಮೆರಿಕದ ಇತಿಹಾಸದಲ್ಲಿ ಇಂದಿಗೂ ಇದಕ್ಕಿಂತ ಹೆಚ್ಚು ಜೀವ ತೆಗೆದ ನೈಸರ್ಗಿಕ ವಿಕೋಪ ಇನ್ನೊಂದಿಲ್ಲ. ದಡದ ಬಳಿ ಒಂದು ಅನಾಥಾಲಯವಿತ್ತು. ಅಲ್ಲಿಯ ಸನ್ಯಾಸಿನಿಯರು ಬಟ್ಟೆ ಒಣಹಾಕುವ ಹಗ್ಗದಿಂದ ಮಕ್ಕಳನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಹತ್ತು ಜನ ಸನ್ಯಾಸಿನಿಯರೂ ತೊಂಬತ್ತು ಮಕ್ಕಳೂ ತೀರಿಹೋದರು, ಮೂವರು ಹುಡುಗರು ಮಾತ್ರ ಬದುಕಿದರು. ಆ ಜಾಗದ ಗುರುತಿನ ಫಲಕ ತಡೆಗೋಡೆಯ ರಸ್ತೆಯಲ್ಲಿ 69ನೆಯ ಬೀದಿಯ ಬಳಿ ಇದೆ. ಫಲಕ ಸಣ್ಣದು, ಕಾರಿನಲ್ಲಿ ಹೋಗುವಾಗ ತಪ್ಪಿಹೋಗುತ್ತದೆ. ದಯವಿಟ್ಟು ಇಳಿದು ಓದಿರಿ.

ಊರು ಬಿಡುವ ಬದಲು ಅವರು ಎರಡು ಕೆಲಸ ಮಾಡಿದರು. ಮೊದಲನೆಯದು ತಡೆಗೋಡೆ. 1902ರಲ್ಲಿ ಆರಂಭಿಸಿ 1904ರಲ್ಲಿ ಮೊದಲ ಭಾಗ ಮುಗಿಸಿದರು. ಆಗ ಉದ್ದ ಮೂರು ಮೈಲಿಗಿಂತ ಸ್ವಲ್ಪ ಹೆಚ್ಚಿತ್ತು, ಈಗ ಹತ್ತು ಮೈಲಿ ದಾಟಿದೆ. ಎತ್ತರ 17 ಅಡಿ, ಬುಡದ ಅಗಲ 16 ಅಡಿ, ನೆತ್ತಿಯ ಅಗಲ 5 ಅಡಿ. ಉಸುಕಿನಲ್ಲಿ ಮರದ ಕಂಬಗಳನ್ನು ಆಳವಾಗಿ ಹೊಡೆದು ಅವುಗಳ ಮೇಲೆ ಕಾಂಕ್ರೀಟು ಹಾಕಿದ್ದಾರೆ, ತೆರೆ ಬುಡವನ್ನು ಕೊರೆಯದಿರಲೆಂದು ಮುಂದೆ ಗ್ರಾನೈಟ್ ಬಂಡೆಗಳನ್ನು ಹಾಸಿದ್ದಾರೆ. ದಡಕ್ಕೆ ಇಳಿದು ಗೋಡೆಯನ್ನು ಮುಟ್ಟಿ ನೋಡಿರಿ: ಅದರ ಮುಖ ನೇರವಾಗಿಲ್ಲ, ಒಳಕ್ಕೆ ಬಾಗಿದೆ. ಬಂದ ತೆರೆ ಆ ಬಾಗಿನ ಮೇಲೆ ಜಾರಿ ಮೇಲೇರಿ, ಹಿಂದಕ್ಕೆ ಸಮುದ್ರದ ಕಡೆಗೇ ಮಗುಚಿ ಬೀಳುತ್ತದೆ. ಒಂದು ದೊಡ್ಡ ಶಕ್ತಿಯನ್ನು ಎದೆಕೊಟ್ಟು ತಡೆಯದೆ ಅದರ ದಿಕ್ಕನ್ನೇ ತಿರುಗಿಸುವ ಆ ಬುದ್ಧಿವಂತಿಕೆಯನ್ನು ಕಂಡು ನಾನು ಬಹಳ ಹೊತ್ತು ಅಲ್ಲಿಯೇ ನಿಂತಿದ್ದೆ.

ಎರಡನೆಯ ಕೆಲಸ ಇನ್ನೂ ಕಠಿಣ. ಗೋಡೆ ಮಾತ್ರ ಎತ್ತರಿಸಿ ಹಿಂದಿನ ನೆಲ ತಗ್ಗಾಗಿಯೇ ಇದ್ದರೆ ಊರು ಬಟ್ಟಲಾಗಿಬಿಡುತ್ತದೆ. ಆದ್ದರಿಂದ ಸುಮಾರು 500 ಬ್ಲಾಕುಗಳಷ್ಟು (ಬೀದಿಗಳ ನಡುವಿನ ಒಂದೊಂದು ಚೌಕಕ್ಕೆ ಬ್ಲಾಕು ಎನ್ನುತ್ತಾರೆ) ನೆಲವನ್ನು 1911ರ ಹೊತ್ತಿಗೆ ಎತ್ತರಿಸಿ ಮುಗಿಸಿದರು. ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳ ಬುಡಕ್ಕೆ ತಿರುಪಿನ ಜ್ಯಾಕುಗಳನ್ನು ಇಟ್ಟು, ಎಲ್ಲವನ್ನೂ ಒಟ್ಟಿಗೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಮೇಲೆತ್ತಿದರು. ಸೇಂಟ್ ಪ್ಯಾಟ್ರಿಕ್ ಚರ್ಚು 3,000 ಟನ್ ತೂಕದ್ದು. ಅದನ್ನು 700 ಜ್ಯಾಕುಗಳಿಂದ ಐದು ಅಡಿ ಎತ್ತಿದರು. ಊರಿನ ನಡುವೆಯೇ ಒಂದು ಕಾಲುವೆ ತೋಡಿ, ಬಂದರಿನ ಬಾಯಿಯಿಂದ ಉಸುಕು ತುಂಬಿದ ಹಡಗುಗಳನ್ನು ಅದರೊಳಗೆ ತಂದು, ನೀರು ಕೂಡಿದ ಉಸುಕನ್ನು ಕೊಳವೆಗಳಿಂದ ಮನೆಗಳ ಅಡಿಗೆ ಹರಿಯಬಿಟ್ಟರು. ನೀರು ಬಸಿದು ಹೋಗಿ ಉಸುಕು ಉಳಿಯುತ್ತಿತ್ತು. ಆ ವರ್ಷಗಳಲ್ಲಿ ಜನ ಮನೆಯಿಂದ ಮನೆಗೆ ಎತ್ತರದ ಹಲಗೆ ಸೇತುವೆಗಳ ಮೇಲೆ ಅಡ್ಡಾಡಿದರು. ಉಪ್ಪುನೀರಿಗೆ ತೋಟ, ಗಿಡಮರಗಳೆಲ್ಲ ಸತ್ತವು. ಉಸುಕು ತುಂಬುವ ಖರ್ಚು ಸಾರ್ವಜನಿಕ ಹಣದಿಂದ ನಡೆದರೂ ಮನೆ ಎತ್ತುವ ಖರ್ಚನ್ನು ಮನೆಯವರೇ ಕೊಡಬೇಕಾಗಿತ್ತು ಎಂಬುದನ್ನು ಮರೆಯಬಾರದು.

ಇದರ ಗುರುತು ನೋಡಲು ಬ್ರಾಡ್‌ವೇ ರಸ್ತೆಯ ಆಶ್ಟನ್ ವಿಲ್ಲಾ ಎಂಬ ಹಳೆಯ ಬಂಗಲೆಗೆ ಹೋಗಿರಿ. ಅದು 1859ರ ಇಟ್ಟಿಗೆಯ ಮನೆ. ಅದನ್ನು ಎತ್ತಲಿಲ್ಲ, ಸುತ್ತಲಿನ ನೆಲವೇ ಮೇಲೆ ಬಂತು. ಹೊರಗಿನ ಕಬ್ಬಿಣದ ಬೇಲಿ ಅಷ್ಟು ದೊಡ್ಡ ಬಂಗಲೆಗೆ ಒಪ್ಪದಷ್ಟು ಗಿಡ್ಡವಾಗಿ ಕಾಣುತ್ತದೆ, ಏಕೆಂದರೆ ಅದರ ಕೆಳಭಾಗ ನೆಲದೊಳಗೆ ಹೂತುಹೋಗಿದೆ. ಸಲಾಕೆಗಳು ನೆಲಕ್ಕೆ ಮುಟ್ಟುವ ಜಾಗದಲ್ಲಿ ಕುಳಿತು ನೋಡಿದರೆ ವಿನ್ಯಾಸ ಅರ್ಧಕ್ಕೇ ಕತ್ತರಿಸಿ ಹುಲ್ಲಿನಡಿಗೆ ಇಳಿಯುವುದು ಕಾಣುತ್ತದೆ. ನಾನು ಆ ಊರಿನಲ್ಲಿ ಕಂಡ ಅತಿ ಸ್ಪಷ್ಟವಾದ ಸಾಕ್ಷಿ ಅದೇ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಗೋಡೆ ಸಮುದ್ರದ ಬದಿಗಿದೆ, ನೆಲ ಗೋಡೆಯಿಂದ ಹಿಂದಿನ ಖಾರಿಯ ಕಡೆಗೆ ಇಳಿಜಾರಾಗಿದೆ. 1915ರ ಬಿರುಗಾಳಿಯಲ್ಲಿ ಗೋಡೆ ಊರನ್ನು ಉಳಿಸಿತು. ಆದರೆ 2008ರ ಸೆಪ್ಟೆಂಬರ್‌ನ ಐಕ್ ಬಿರುಗಾಳಿಯಲ್ಲಿ ನೀರು ಹಿಂಬದಿಯ ಖಾರಿಯಿಂದ ನುಗ್ಗಿತು. ಸ್ಟ್ರ್ಯಾಂಡ್ ಎಂಬ ಹಳೆಯ ಪೇಟೆಯ ಗೋಡೆಗಳ ಮೇಲೆ ಆಗ ನೀರು ಎಷ್ಟು ಎತ್ತರಕ್ಕೆ ಬಂದಿತ್ತೆಂದು ತೋರಿಸುವ ಸಣ್ಣ ಫಲಕಗಳಿವೆ. ಕೆಲವು ನನ್ನ ತಲೆಗಿಂತ ಮೇಲಿದ್ದವು. ಆಗಿನ ಉಪ್ಪುನೀರಿಗೆ ಸತ್ತ ದೊಡ್ಡ ಓಕ್ ಮರಗಳ ಬೊಡ್ಡೆಗಳನ್ನು ಕೆತ್ತಿ ಹಕ್ಕಿ, ಡಾಲ್ಫಿನ್, ದೇವತೆಗಳ ಶಿಲ್ಪ ಮಾಡಿ ಮನೆಗಳ ಅಂಗಳದಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ. ಅಲ್ಲಿಯ ಬಂದರಿನ ಮಾಪಕದ ಪ್ರಕಾರ ಕಳೆದ ನೂರು ವರ್ಷಗಳಲ್ಲಿ ನೀರಿನ ಮಟ್ಟ ಎರಡು ಅಡಿ ಏರಿದೆ, ನೆಲ ಕುಸಿಯುತ್ತಿರುವುದೂ ಅದರಲ್ಲಿ ಸೇರಿದೆ. ಹೀಗಾಗಿ ನವಲಗುಂದದ ಆ ಹುಡುಗನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಊರು ತಾನಾಗಿ ನಿಂತಿಲ್ಲ, ಜನ ಹಿಡಿದು ನಿಲ್ಲಿಸಿದ್ದಾರೆ, ಇನ್ನೂ ಹಿಡಿದುಕೊಂಡೇ ಇದ್ದಾರೆ.

ವಿದ್ಯಾನಗರ ಓದುಗ, ಹುಬ್ಬಳ್ಳಿ

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೂ ಮಾಸ್ತರರ ಮನೆಯವರ ಬದಿಯಿಂದ ಒಂದು ಮಾತು ಹೇಳಬೇಕಾಗಿದೆ. ಅರಬೈಲು ಘಟ್ಟ ಇಳಿದು ಕಾರವಾರ, ಗೋಕರ್ಣದ ಕಡಲನ್ನು ನೋಡಿದ ಕಣ್ಣಿಗೆ ಗ್ಯಾಲ್ವೆಸ್ಟನ್ನಿನ ನೀರು ನಿರಾಸೆ ಮಾಡುತ್ತದೆ. ಮಿಸಿಸಿಪ್ಪಿ ಮೊದಲಾದ ನದಿಗಳು ತಂದು ಸುರಿಯುವ ಹೂಳಿನಿಂದ ಅದು ಹೆಚ್ಚಿನ ದಿನ ಕಂದಾಗಿಯೇ ಇರುತ್ತದೆ. ಬೆಟ್ಟವಿಲ್ಲ, ಬಂಡೆಯಿಲ್ಲ, ತೆಂಗಿನ ಸಾಲಿಲ್ಲ. ಬೇಸಿಗೆ ಸಮೀಪಿಸಿದಂತೆ ಸರ್ಗಾಸಮ್ ಎಂಬ ಕಂದು ಪಾಚಿ ರಾಶಿರಾಶಿಯಾಗಿ ದಡಕ್ಕೆ ಬಂದು ಬಿದ್ದು ಕೊಳೆತು ವಾಸನೆ ಬರುತ್ತದೆ. ಕಡಲಿಗೆಂದೇ ಹೋಗುವವರಿಗೆ ಒಂದು ದಿನ ಸಾಕು. ಮುಂಜಾನೆ ಹೋಗಿ ರಾತ್ರಿ ಮರಳಬಹುದು. ಎರಡನೆಯ ದಿನದ ಹಣವನ್ನು ಬೇರೆ ಪ್ರವಾಸಕ್ಕೆ ಉಳಿಸಿಕೊಳ್ಳುವುದು ಮೇಲು.

ಬೆಟಗೇರಿ ಅಕ್ಕ, ಗದಗ

ವಿದ್ಯಾನಗರದ ಸಹೋದರರು ನೀರಿನ ಬಣ್ಣದ ಬಗ್ಗೆ ಹೇಳಿದ್ದು ನಿಜ. ಆದರೆ ಮೊಣಕಾಲು ನೋವಿರುವವರನ್ನು ಒಂದೇ ದಿನದಲ್ಲಿ ಹೋಗಿ ಬರುವಂತೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಅತ್ತೆಯವರಿಗೆ ಆಗ ಎಪ್ಪತ್ತೆರಡು ವರ್ಷ. ಜುಲೈ ತಿಂಗಳ ಮಧ್ಯಾಹ್ನ ಅವರನ್ನು ದಡಕ್ಕೆ ಇಳಿಸಿ ನಾವು ತಪ್ಪು ಮಾಡಿದೆವು. ಚಪ್ಪಲಿ ಕೈಯಲ್ಲಿ ಹಿಡಿದು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಕಾದ ಉಸುಕಿಗೆ ಅಂಗಾಲು ಬೊಬ್ಬೆ ಬಂದವು, ಮರಳಿ ಗೋಡೆಯ ಮೇಲೇರಲು ಪಾವಟಿಗೆಗಳು ಕಡಿದಾಗಿದ್ದವು. ಉಳಿದ ದಿನವನ್ನೆಲ್ಲ ಅವರು ಕಾರಿನಲ್ಲಿ ಕುಳಿತು ಕಳೆದರು. ಅದನ್ನು ನೆನೆದರೆ ಇಂದಿಗೂ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಎರಡನೆಯ ಸಲ ಹೋದಾಗ ಒಂದು ರಾತ್ರಿ ಉಳಿದೆವು, ಎಲ್ಲವೂ ಸುಸೂತ್ರವಾಯಿತು. ಗೋಡೆಯ ಕೆಳಗಿನ ದಡವನ್ನು ಬಿಟ್ಟು ಪೂರ್ವದ ಸ್ಟೀವರ್ಟ್ ಬೀಚಿಗೆ ಹೋಗಿರಿ. ಅಲ್ಲಿ ಕಾರು ದಡದ ಮಟ್ಟಕ್ಕೇ ಇಳಿಯುವುದರಿಂದ ಪಾವಟಿಗೆಯ ತೊಂದರೆಯಿಲ್ಲ. ಹೊತ್ತು ಹುಟ್ಟುವ ಮೊದಲೇ ಹೋಗಿ ಎಂಟೂವರೆಗೆ ಮರಳಿರಿ. ಮತ್ತೆ ಸಂಜೆ ಬಿಸಿಲು ಇಳಿದ ಮೇಲೆ ಹೋಗಿರಿ. ಮಡಚುವ ಕುರ್ಚಿ ಒಯ್ದರೆ ತೆರೆಯ ಅಂಚಿನಲ್ಲಿಯೇ ಹಾಕಿಕೊಂಡು ಕಾಲು ನೆನೆಸಿಕೊಂಡು ಕೂಡಬಹುದು. ಅಲ್ಲಿಯ ಭರತ ಇಳಿತಗಳ ಅಂತರ ಎರಡು ಅಡಿಯೂ ಇಲ್ಲ, ಆದ್ದರಿಂದ ಕುರ್ಚಿಯನ್ನು ಮತ್ತೆಮತ್ತೆ ಹಿಂದಕ್ಕೆ ಎಳೆಯುವ ಪ್ರಸಂಗ ಬರುವುದಿಲ್ಲ.

ನಮ್ಮ ಅತ್ತೆಯವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ದೋಣಿಯ ಪಯಣ. ದ್ವೀಪದ ಪೂರ್ವ ತುದಿಯಿಂದ ಬೊಲಿವರ್ ಎಂಬ ಎದುರಿನ ನಾಲಿಗೆಯಂಥ ನೆಲಕ್ಕೆ ಸರಕಾರದ ದೊಡ್ಡ ದೋಣಿಗಳು ಕಾರುಗಳನ್ನೇ ಹೊತ್ತು ಅಡ್ಡಾಡುತ್ತವೆ. ಹಣ ಕೊಡಬೇಕಾಗಿಲ್ಲ; ಒಂದು ದಾರಿಗೆ ಸುಮಾರು ಹದಿನೆಂಟು ನಿಮಿಷ. ಕಾರಿನಿಂದ ಇಳಿದು ಕಟಕಟೆಯ ಬಳಿ ನಿಂತರೆ ಸಾಕು, ಮೇಲಿನ ಅಂತಸ್ತಿಗೆ ಹತ್ತಬೇಕಾಗಿಲ್ಲ. ಕಂದು ನೀರಿನಿಂದ ಡಾಲ್ಫಿನ್‌ನ ಬೆನ್ನು ಒಮ್ಮೆಲೇ ಎದ್ದು, ಮಿರುಗಿ, ಮುಳುಗಿತು. "ಅಯ್ಯ, ಎಮ್ಮಿ ಕರು ಇದ್ದಂಗ ಐತಲ್ಲವ್ವಾ" ಎಂದು ಅತ್ತೆಯವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಹೋಗಿ ಬರುವ ಒಳಗೆ ಏಳು ಸಲ ಕಂಡವು. ಕಡಲಹಕ್ಕಿಗಳಿಗೆ ತಿನಿಸು ಹಾಕುವುದಿದ್ದರೆ ದೋಣಿಯ ಹಿಂಭಾಗದಿಂದ ಮಾತ್ರ ಹಾಕಬೇಕೆಂಬ ನಿಯಮವಿದೆ.

ಸ್ಟ್ರ್ಯಾಂಡ್ ಪೇಟೆಯಲ್ಲಿ ಪಾದಚಾರಿ ಕಟ್ಟೆಗಳು ಎತ್ತರವಾಗಿವೆ. ಮಾಸ್ತರರು ಫಲಕ ನೋಡುವಾಗ ಅಮ್ಮನವರ ಕೈ ಹಿಡಿದುಕೊಂಡಿರಬೇಕು. ಊಟಕ್ಕೆ ಚಪಾತಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿರಿ. ಅಲ್ಲಿಯ ಹೋಟೆಲುಗಳಲ್ಲಿ ಮೀನು, ಸಿಗಡಿಯೇ ಹೆಚ್ಚು, ಮೊಸರು ಮಾತ್ರ ಅಂಗಡಿಯಲ್ಲಿ ಸಿಗುತ್ತದೆ. ಮರಳುವಾಗ ಸ್ವಲ್ಪ ಬಳಸಿಕೊಂಡು ಪಿಯರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ ಹೋಗಬಹುದು.

ಕೆಲಗೇರಿ ಮಾಸ್ತರ, ಧಾರವಾಡ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಉತ್ತರಗಳನ್ನೆಲ್ಲ ನಮ್ಮ ಮನೆಯವರಿಗೆ ಓದಿ ಹೇಳಿದೆ. ಬೆಟಗೇರಿಯ ಅಕ್ಕನವರ ಅತ್ತೆಯ ಮಾತು ಕೇಳಿ, ದೋಣಿಯ ಪಯಣವನ್ನು ಎರಡೂ ದಿನ ಮಾಡೋಣ ಎಂದರು. ಏಪ್ರಿಲ್ ಎರಡನೆಯ ವಾರದ ಮಂಗಳವಾರ ಮತ್ತು ಬುಧವಾರ ಎಂದು ನಿಶ್ಚಯಿಸಿ ಮಗನಿಗೆ ತಿಳಿಸಿದ್ದೇನೆ. ವಿದ್ಯಾನಗರದವರು ಹೇಳಿದಂತೆ ನೀರಿನ ಬಣ್ಣದ ಬಗ್ಗೆ ಮೊದಲೇ ತಿಳಿದದ್ದು ಒಳ್ಳೆಯದಾಯಿತು. ಹೂಳು ತಂದ ನದಿಗಳೇ ಇಂಥ ದ್ವೀಪಗಳಿಗೂ ಉಸುಕು ಒದಗಿಸುತ್ತವೆ ಎಂದು ಕಲಿಸಿದ ನನಗೆ ಆ ಕಂದು ಬಣ್ಣವೂ ನೋಡತಕ್ಕದ್ದೇ ಆಗಿದೆ.

ಇತಿಹಾಸದ ಶಿಕ್ಷಕನಾಗಿ ನಾನು ಇನ್ನೊಂದನ್ನು ಸೇರಿಸಿಕೊಂಡಿದ್ದೇನೆ. ಟೆಕ್ಸಾಸಿನ ಗುಲಾಮರೆಲ್ಲ ಸ್ವತಂತ್ರರೆಂಬ ಆಜ್ಞೆಯನ್ನು 1865ರ ಜೂನ್ 19ರಂದು ಸೇನಾಧಿಕಾರಿ ಗೋರ್ಡನ್ ಗ್ರೇಂಜರ್ ಹೊರಡಿಸಿದ್ದು ಇದೇ ಊರಿನಲ್ಲಿ. ಲಿಂಕನ್ ಅವರ ವಿಮೋಚನಾ ಘೋಷಣೆ ಜಾರಿಗೆ ಬಂದು ಆಗಲೇ ಎರಡೂವರೆ ವರ್ಷವಾಗಿತ್ತು. ಆ ದಿನ 2021ರಿಂದ ಅಮೆರಿಕದ ರಾಷ್ಟ್ರೀಯ ರಜಾದಿನವಾಗಿದೆ. ಸ್ಟ್ರ್ಯಾಂಡಿನಲ್ಲಿ ಅದರ ನೆನಪಿಗೆ ಬರೆದ ದೊಡ್ಡ ಗೋಡೆಚಿತ್ರವಿದೆಯಂತೆ. ಐಕ್ ಬಿರುಗಾಳಿಯ ಫಲಕಗಳನ್ನು ನೋಡುವಾಗ ಅದನ್ನೂ ನೋಡುತ್ತೇನೆ.

ವರದಾ ತೀರದ ಇಂಜಿನಿಯರರೇ, ತಾವು ಹೇಳಿದ ಆಶ್ಟನ್ ವಿಲ್ಲಾದ ಬೇಲಿಯ ಬಳಿ ಮೊದಲ ದಿನವೇ ಹೋಗುತ್ತೇನೆ. ಟೇಪು ಒಯ್ದು, ನೆಲದಿಂದ ಸಲಾಕೆಯ ತುದಿಯವರೆಗೆ ಎಷ್ಟು ಉಳಿದಿದೆಯೆಂದು ಅಳೆದು ಇಲ್ಲಿ ಬರೆಯುತ್ತೇನೆ. ನವಲಗುಂದದ ಆ ಹುಡುಗ ಈಗ ಅಣ್ಣಿಗೇರಿಯಲ್ಲಿ ಶಿಕ್ಷಕನಾಗಿದ್ದಾನೆ, ಫೋಟೋ ಅವನಿಗೂ ಕಳಿಸುತ್ತೇನೆ.